ಬುಟ್ಟಿಯಲ್ಲಿ ಕಟ್ಟಿಟ್ಟದ್ದು

ಮೂಡುಬಿದಿರೆಯ ಒಂದು ಸಭಾಭವನದಲ್ಲಿ ಮದುವೆಯ ಊಟಕ್ಕೆ ಎರಡನೇ ಪಂಕ್ತಿ ಕಾಯುತ್ತಾ ಕುಳಿತಿದ್ದೆವು. ಪಕ್ಕದ ಸಾಲಿನಲ್ಲಿ ಕಂಪ್ಯೂಟರ್ ಮಾರುವ ಒಬ್ಬಾತ ಸುತ್ತಲಿನವರನ್ನು ನಗಿಸುತ್ತಿದ್ದ. "ಇಲ್ಲೇ ಒಂದು ಪ್ರೆಸ್ಸಿನಲ್ಲಿ ಒಬ್ಬ ಮುದುಕ ಇದ್ದ ಮಾರಾಯ್ರೆ. ಐದು ವರ್ಷ ಮಾಡಿದ ಕೆಲಸವನ್ನೆಲ್ಲ ಕಂಪ್ಯೂಟರಿನ ಕಸದ ಬುಟ್ಟಿಯಲ್ಲಿ ಇಟ್ಟಿದ್ದನಂತೆ. ಕಸದ ಬುಟ್ಟಿಯಲ್ಲಿ! ಹೊಸ ವಿಂಡೋಸ್ ಹಾಕುವಾಗ ಎಲ್ಲ ಗುಳುಂ." ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಈ ತಮಾಷೆಯನ್ನು ನಾನು ಕೇಳಿದ್ದು ಅದೇ ಮೊದಲಲ್ಲ. ಬಂಟ್ವಾಳದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೇಳಿದ್ದೇನೆ, ಬೆಳ್ತಂಗಡಿಯ ಬಸ್ಸಿನಲ್ಲಿ ಕೇಳಿದ್ದೇನೆ. ಪ್ರತಿ ಸಲವೂ ನನ್ನ ಮೈ ಉರಿದುಹೋಗುತ್ತದೆ.

ಆ ಮುದುಕ ಯಾರೆಂದು ನನಗೆ ಗೊತ್ತು. ನಾನು ಅದೇ ಪ್ರೆಸ್ಸಿನಲ್ಲಿ, ಅದೇ ಕಂಪ್ಯೂಟರಿನಲ್ಲಿ, ಅವರು ಎದ್ದ ಕುರ್ಚಿಯಲ್ಲಿ ಕುಳಿತು ಕೆಲಸ ಮಾಡಿದವಳು. ಅವರು ಮುದುಕರೂ ಆಗಿರಲಿಲ್ಲ, ದಡ್ಡರಂತೂ ಮೊದಲೇ ಅಲ್ಲ. ಪ್ರೆಸ್ಸಿನಲ್ಲಿ ಎಲ್ಲರೂ ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆವು. ನಮ್ಮ ಮಾತುಕತೆ ಎಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ. ಅವರ ದನಿ ಅಷ್ಟರ ಮಟ್ಟಿಗೆ ಸಪ್ಪೆಯಾಗಿ ಕೇಳಿಸಿದರೆ ಅದು ನನ್ನ ಕೊರತೆ.

ಅಣ್ಣ ಬಂಟ್ವಾಳದ ಕಡೆಯವರು. ಅಲ್ಲಿನ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸಲು ಕಲಿತು, ಅದು ಮುಚ್ಚಿದ ಮೇಲೆ ಮೂಡುಬಿದಿರೆಗೆ ಬಂದವರು. ದಿನವೂ ಸಿದ್ಧಕಟ್ಟೆಯ ಮೇಲಿಂದ ಬರುವ ಮೊದಲ ಬಸ್ಸಿನಲ್ಲಿ ಇಳಿಯುತ್ತಿದ್ದರು. ಸೀಸದ ಒಂದೊಂದು ಅಕ್ಷರವನ್ನೂ ಕೇಸಿನ, ಎಂದರೆ ಮೊಳೆ ತುಂಬಿದ ಮರದ ಪೆಟ್ಟಿಗೆಯ, ಮನೆಯಿಂದ ಹೆಕ್ಕಿ ಸಾಲು ಮಾಡುವ ಕೆಲಸವನ್ನು ಇಪ್ಪತ್ತೈದು ವರ್ಷ ಮಾಡಿದ್ದರು. ತಲೆಕೆಳಗಾದ, ಕನ್ನಡಿಯಲ್ಲಿ ಕಂಡಂತಿರುವ ಅಕ್ಷರಗಳನ್ನು ಅವರು ಓದುವ ವೇಗದಲ್ಲಿ ನಾನು ನೆಟ್ಟಗಿನ ಅಕ್ಷರವನ್ನೂ ಓದಲಾರೆ.

ಪ್ರೆಸ್ಸಿಗೆ ಕಂಪ್ಯೂಟರ್ ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಅದು ಬಂದ ತಿಂಗಳಲ್ಲೇ ಪ್ರೆಸ್ಸಿನ ಮಾಲೀಕರಾದ ಧನಿಗಳು ಸೀಸದ ಮೊಳೆಗಳನ್ನು ಗುಜರಿಗೆ ತೂಗಿಸಿದರು. ಮೊಳೆ ಜೋಡಿಸುವವರು ಮೂವರಿದ್ದರು. ಮೂವರಿಗೂ ನಾಳೆಯಿಂದ ಬರಬೇಡಿ ಎಂದಾಯಿತು. ಅಣ್ಣ ಮಾತ್ರ ಎದ್ದು ಹೋಗಲಿಲ್ಲವಂತೆ. "ಧನಿಗಳೇ, ನನಗೆ ಆರು ತಿಂಗಳು ಕೊಡಿ. ಅದರ ಎದುರು ಕೂತುಕೊಳ್ತೇನೆ. ಆಗದಿದ್ರೆ ನಾನೇ ಹೋಗ್ತೇನೆ" ಎಂದರಂತೆ. ಐವತ್ತು ದಾಟಿದ ಮನುಷ್ಯ, ಇಂಗ್ಲಿಷ್ ಅಕ್ಷರವನ್ನು ಕೂಡಿಸಿ ಕೂಡಿಸಿ ಓದುವವರು, ಆರು ತಿಂಗಳು ಬೇಡ, ಎರಡೂವರೆ ತಿಂಗಳಲ್ಲಿ ಕಲಿತರು. ಧನಿಗಳು ಕುರ್ಚಿಯನ್ನು ಪೂರ್ತಿ ಕೊಡಲಿಲ್ಲ. ಬೆಳಿಗ್ಗೆ ಏಳರಿಂದ ಹತ್ತರವರೆಗೆ ಕಂಪ್ಯೂಟರ್ ಅಣ್ಣನದ್ದು, ಆಮೇಲೆ ಸಂಜೆಯವರೆಗೆ ಡಿಪ್ಲೊಮಾ ಮಾಡಿದ ಆಪರೇಟರಿನದ್ದು. ಹತ್ತರ ನಂತರ ಅವರು ಪ್ರೂಫ್ ನೋಡಬೇಕು, ಕಾಗದ ಕತ್ತರಿಸಬೇಕು. ಆದರೂ ಆ ಮೂರು ಗಂಟೆಯೇ ಅವರನ್ನು ಆ ಪ್ರೆಸ್ಸಿನಲ್ಲಿ ಕೆಲಸ ಬಲ್ಲವರನ್ನಾಗಿ ಉಳಿಸಿದ್ದು. ಅದು ಹೋದರೆ ಅವರು ಹೊಲಿಗೆ ಹಾಕುವ, ಅಂಟು ಬಳಿಯುವ ಆಳು. ಇದು ಅವರಿಗೆ ಗೊತ್ತಿತ್ತು, ನಮಗೆಲ್ಲರಿಗೂ ಗೊತ್ತಿತ್ತು.

ಮೊದಲ ಆಪರೇಟರ್ ಒಂದು ವರ್ಷದಲ್ಲಿ ಬಿಟ್ಟುಹೋದ. ಆಮೇಲೆ ಡಿಪ್ಲೊಮಾ ಮಾಡಿದ ಆ ಆಪರೇಟರ್ ಎಂದರೆ ನಾನು. ಶಿರ್ತಾಡಿಯಿಂದ ಬಸ್ಸಿನಲ್ಲಿ ಬಂದು ಹತ್ತಕ್ಕೆ ಸರಿಯಾಗಿ ಒಳಗೆ ಕಾಲಿಡುತ್ತಿದ್ದೆ. ನಾನು ಬಂದದ್ದು ಕಂಡ ಕೂಡಲೇ ಅಣ್ಣ ಎದ್ದು, ಕುರ್ಚಿಯ ಮೇಲೆ ತಾನು ಹಾಸಿಕೊಂಡಿದ್ದ ಮಡಚಿದ ಗೋಣಿಯನ್ನು ತೆಗೆದು, ಕೀಬೋರ್ಡನ್ನು ಬಟ್ಟೆಯಿಂದ ಒರೆಸಿ, "ಕೂತ್ಕೊ ಮಗಾ" ಎನ್ನುತ್ತಿದ್ದರು. ನಾನು ಕೂರುತ್ತಿದ್ದೆ. ಅವರು ಬೆಳಿಗ್ಗೆ ಏನು ಮಾಡಿದರು, ಹೇಗೆ ಮಾಡಿದರು ಎಂದು ನಾಲ್ಕು ವರ್ಷದಲ್ಲಿ ಒಂದು ದಿನವೂ ನಾನು ಕೇಳಲಿಲ್ಲ. ಎರಡು ಬೆರಳಿನಲ್ಲಿ ಟೈಪು ಮಾಡುವವರ ಹತ್ತಿರ ಕೇಳುವುದೆಂತ ಎಂಬ ಅಹಂಕಾರ. ಅದಕ್ಕೆ ಬೇರೆ ಹೆಸರಿಲ್ಲ.

ಈಗ ಬುಟ್ಟಿಯ ವಿಷಯ. ಮೊಳೆಯ ಕಾಲದಲ್ಲಿ ಒಂದು ಕೆಲಸ ಅಚ್ಚಾದ ಮೇಲೆ ಜೋಡಿಸಿದ ಅಕ್ಷರಗಳನ್ನು ಬಿಚ್ಚಿ ಕೇಸಿನ ಮನೆಗಳಿಗೆ ಹಿಂದೆ ಹಾಕಬೇಕು. ಆದರೆ ಕೆಲವರು ಮತ್ತೆ ಬರುವವರು ಎಂದು ಗೊತ್ತಿರುತ್ತದೆ. ದೈವಸ್ಥಾನದ ನೇಮೋತ್ಸವದ ಆಮಂತ್ರಣದ ಕಾಗದ ವರ್ಷ ವರ್ಷ ಬರುತ್ತದೆ, ಮಸೀದಿಯ ರಶೀದಿ ಪುಸ್ತಕ ಬರುತ್ತದೆ, ಅಕ್ಕನ ಮದುವೆ ಮಾಡಿದವರು ತಂಗಿಯದಕ್ಕೂ ಬರುತ್ತಾರೆ. ಅಂಥದ್ದನ್ನು ಬಿಚ್ಚುವುದಿಲ್ಲ. ಸುತ್ತ ನೂಲು ಬಿಗಿದು, ತಗಡಿನ ಹರಿವಾಣದಲ್ಲಿಟ್ಟು, ಕೇಸಿನ ಅಡಿಯ ಗೂಡಿಗೆ ತಳ್ಳುತ್ತಾರೆ. ಬೇಕಾದಾಗ ಎಳೆದರೆ ಇಟ್ಟ ಹಾಗೆಯೇ ಹೊರಗೆ ಬರುತ್ತದೆ. ಅದಕ್ಕೆ ಕಟ್ಟಿಟ್ಟ ಮ್ಯಾಟರ್ ಎಂದು ಹೆಸರು. ಅಚ್ಚು ಹೊಂದಿಸುವ ಕಲ್ಲಿನ ಮೇಜಿನ ಮೇಲೆ ಮುಗಿದದ್ದನ್ನು ಬಿಟ್ಟು ಹೋಗುವವ ಕೆಲಸಗಾರನೇ ಅಲ್ಲ ಎಂಬುದು ಅವರ ಶಿಸ್ತು.

ನನಗಿಂತ ಮೊದಲಿದ್ದ ಆಪರೇಟರ್ ಅಣ್ಣನಿಗೆ ಪಾಠ ಹೇಳಿಕೊಡುವಾಗ ಪರದೆಯ ಮೇಲಿನ ಆ ಬುಟ್ಟಿಯನ್ನು ತೋರಿಸಿದ್ದ. ಮುಗಿದದ್ದನ್ನು ಎಳೆದು ಇದರಲ್ಲಿ ಹಾಕಿ, ಮತ್ತೆ ಬೇಕಾದರೆ ಬುಟ್ಟಿ ತೆರೆದು ರಿಸ್ಟೋರ್ ಒತ್ತಿ, ಮೊದಲಿದ್ದ ಜಾಗಕ್ಕೇ ಹೋಗಿ ಕೂರುತ್ತದೆ ಎಂದಿದ್ದ. ಅಣ್ಣ ಪರೀಕ್ಷೆ ಮಾಡಿ ನೋಡಿದರು. ಹೌದು, ಕೂರುತ್ತದೆ. ಬುಟ್ಟಿಯ ಮೇಲೆ ತಿರುಗಿ ಬರುವ ಬಾಣಗಳ ಗುರುತು ಬೇರೆ. "ಈ ಕಂಪ್ಯೂಟರ್ ಮಾಡಿದವ ಯಾವುದೋ ಪ್ರೆಸ್ಸಿನಲ್ಲಿ ಇದ್ದವನೇ ಇರ್ಬೇಕು" ಎಂದು ಅವರು ಸಂತೋಷಪಟ್ಟಿದ್ದರಂತೆ. ಇದನ್ನು ಅವರೇ ನನಗೆ ಹೇಳಿದ್ದು, ಎಲ್ಲ ಮುಗಿದ ಮೇಲೆ.

ಇದರಲ್ಲಿ ದಡ್ಡತನ ಎಲ್ಲಿದೆ? ನಾನು ಕೇಳುತ್ತೇನೆ, ಎಲ್ಲಿದೆ? ನಮ್ಮ ಊರಿನಲ್ಲಿ ಬುಟ್ಟಿ ಇರುವುದು ಇಡುವುದಕ್ಕೆ. ಮಲ್ಲಿಗೆ ಬುಟ್ಟಿಯಲ್ಲಿ, ಮೀನು ಬುಟ್ಟಿಯಲ್ಲಿ, ಸಂತೆಯ ತರಕಾರಿ ಬುಟ್ಟಿಯಲ್ಲಿ. ಕಸವನ್ನು ಗುಡಿಸಿ ತೆಂಗಿನ ಬುಡಕ್ಕೆ ಹಾಕುತ್ತಿದ್ದೆವೇ ಹೊರತು ಅದಕ್ಕೊಂದು ಬುಟ್ಟಿ ಕೊಂಡು ಕೋಣೆಯಲ್ಲಿ ಇಟ್ಟುಕೊಂಡವರು ಆ ಕಾಲದಲ್ಲಿ ಎಷ್ಟು ಮಂದಿ? ಬಿಸಾಡುವುದಕ್ಕೆಂದೇ ಬುಟ್ಟಿ ಇಡುವವರು ಎಲ್ಲೋ ಕುಳಿತು ಅದರ ಚಿತ್ರ ಬರೆದರು. ಅಣ್ಣ ಅದರಲ್ಲಿ ಇಟ್ಟದ್ದು ಐದು ವರ್ಷ ತಪ್ಪದೆ ಹಿಂದೆ ಬಂತು. ಒಂದು ಸಲವೂ ಕೈಕೊಡದ ಕ್ರಮವನ್ನು ನಂಬಿದವನನ್ನು ನೋಡಿ ನಗುವವರಿಗೆ ನಾಚಿಕೆಯಾಗಬೇಕು.

ಹೊಸ ಶತಮಾನ ಬಂದು ಮೂರ್ನಾಲ್ಕು ವರ್ಷವಾಗುವಾಗ ಗಿರಾಕಿಗಳು ಪೆನ್‌ಡ್ರೈವ್ ತರಲು ಶುರು ಮಾಡಿದರು. ನಮ್ಮ ವಿಂಡೋಸ್ 98 ಅದನ್ನು ಗುರುತೇ ಹಿಡಿಯುತ್ತಿರಲಿಲ್ಲ. ಅಚ್ಚಿನ ಪ್ಲೇಟ್ ಮಾಡಿಕೊಡುವ ಮಂಗಳೂರಿನವರೂ ಹೊಸ ಸಾಫ್ಟ್‌ವೇರಿನ ಫೈಲ್ ಕೊಡಿ ಎಂದು ಗೊಣಗತೊಡಗಿದರು. ವಿಂಡೋಸ್ ಎಕ್ಸ್‌ಪಿ ಹಾಕಿಸುವ ಎಂದು ಧನಿಗಳು ತೀರ್ಮಾನಿಸಿದರು. ಮಂಗಳೂರಿನ ಟೆಕ್ನಿಶಿಯನ್ ಶನಿವಾರ ಬರುತ್ತೇನೆಂದು ಫೋನು ಮಾಡಿದ. "ಹಳೇ ಡಬ್ಬ ಅದು. ಜಾಗ ಸಾಕಾಗುವುದಿಲ್ಲ. ಬೇಡದ್ದನ್ನೆಲ್ಲ ತೆಗೆದು, ಬೇಕಾದ್ದನ್ನು ಕಾಪಿ ಮಾಡಿ, ರೆಡಿ ಮಾಡಿ ಇಡಿ" ಎಂದ.

ಇಡೀ ವಾರ ನಾನು ಆ ಯಂತ್ರವನ್ನು ಮದುಮಗಳಂತೆ ಸಿದ್ಧಗೊಳಿಸಿದೆ. ಕ್ಯಾಬಿನೆಟ್ ತೆರೆದು ಧೂಳು ಹೊಡೆದೆ. ಹೊಸ ರ್‍ಯಾಮ್ ಕೂರುವ ಜಾಗದಲ್ಲಿ ಹಲ್ಲಿಯ ಮೊಟ್ಟೆಗಳಿದ್ದವು, ಅವನ್ನೂ ತೆಗೆದೆ. ಫ್ಲಾಪಿಗಳ ಡಬ್ಬ ತೆರೆದರೆ ಅರ್ಧಕ್ಕರ್ಧ ಬೂಷ್ಟು ಹಿಡಿದಿತ್ತು. ಒಳ್ಳೆಯವನ್ನು ಹೆಕ್ಕಿ ಕನ್ನಡದ ಫಾಂಟುಗಳನ್ನೆಲ್ಲ ಕಾಪಿ ಮಾಡಿದೆ, ಎರಡೆರಡು ಪ್ರತಿ. ಪ್ರಿಂಟರಿನ ಡ್ರೈವರ್ ಹುಡುಕಿದೆ. ಕನ್ನಡ ಸಾಫ್ಟ್‌ವೇರ್ ನಡೆಯಬೇಕಾದರೆ ಕಂಪ್ಯೂಟರಿನ ಹಿಂದೆ ಸಿಕ್ಕಿಸಬೇಕಾದ ಬೀಗದಂಥ ತುಂಡನ್ನು ತೆಗೆದು, ಕಳೆದುಹೋಗದಂತೆ ಲಕೋಟೆಯಲ್ಲಿ ಹಾಕಿ ಮೇಲೆ ಬರೆದೆ. ನನ್ನ ಹೆಸರಿನ ಫೋಲ್ಡರಿನಲ್ಲಿ ಇದ್ದದ್ದನ್ನೆಲ್ಲ ಸಿಡಿಗೆ ಹಾಕಿಸಿಕೊಂಡು ಬಂದೆ. ಒಂದು ಹಾಳೆಯಲ್ಲಿ ಪಟ್ಟಿ ಬರೆದು ಆದದ್ದಕ್ಕೆಲ್ಲ ಟಿಕ್ ಹಾಕುತ್ತಾ ಬಂದೆ. ಅಣ್ಣನ ಕೆಲಸಗಳು ಎಲ್ಲಿವೆ ಎಂಬ ಸಾಲು ಆ ಪಟ್ಟಿಯಲ್ಲಿ ಇರಲಿಲ್ಲ. ಅವರಿಗೂ ಫೈಲುಗಳಿರಬಹುದು ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಶುಕ್ರವಾರ ಮಧ್ಯಾಹ್ನ ಇನ್ನೂ ಸ್ವಲ್ಪ ಜಾಗ ಕಡಿಮೆ ಬಿತ್ತು. ಆಟಗಳನ್ನು ತೆಗೆದೆ. ಬುಟ್ಟಿಯ ಕಡೆ ನೋಡಿದರೆ ಅದು ತುಂಬಿ ತುಳುಕುತ್ತಿತ್ತು. ಐದು ವರ್ಷದಲ್ಲಿ ಯಾರೂ ಖಾಲಿ ಮಾಡಲಿಲ್ಲವಲ್ಲ, ಎಂಥ ಗಲೀಜು ಜನ ಎಂದುಕೊಂಡೆ. ಖಾಲಿ ಮಾಡು ಎಂದೆ. ಇಷ್ಟು ನೂರು ಫೈಲುಗಳನ್ನು ಅಳಿಸುವುದು ಖಂಡಿತವೇ ಎಂದು ಯಂತ್ರ ಕೇಳಿತು. ಮೂರು ಮಾರು ದೂರದಲ್ಲಿ ಅಣ್ಣ ನೆಲದಲ್ಲಿ ಕುಳಿತು ರಶೀದಿ ಪುಸ್ತಕಗಳಿಗೆ ನಂಬರ್ ಒತ್ತುತ್ತಿದ್ದರು. ಟಕ್, ಟಕ್ ಎಂದು ಕೇಳಿಸುತ್ತಿತ್ತು. ಯಂತ್ರಕ್ಕೆ ನನ್ನನ್ನು ಕೇಳಬೇಕೆಂದು ಗೊತ್ತಿತ್ತು. ನನಗೆ ಆ ಮನುಷ್ಯನನ್ನು ಕೇಳಬೇಕೆಂದು ಗೊತ್ತಿರಲಿಲ್ಲ. ಹೌದು ಎಂದು ಒತ್ತಿದೆ. ಬುಟ್ಟಿ ಬರಿದಾದ ಚಿತ್ರ ಕಂಡು ಅಂಗಳ ಗುಡಿಸಿದಷ್ಟು ತೃಪ್ತಿಯಾಯಿತು.

ಶನಿವಾರ ಟೆಕ್ನಿಶಿಯನ್ ಬಂದು ಹಾಕಿ ಹೋದ. ಸೋಮವಾರ ಹತ್ತಕ್ಕೆ ನಾನು ಬರುವಾಗ ಅಣ್ಣ ಕುರ್ಚಿಯಲ್ಲೇ ಇದ್ದರು, ಎದುರಿನ ಪರದೆಯಲ್ಲಿ ಹಸಿರು ಗುಡ್ಡ, ನೀಲಿ ಆಕಾಶ. ಮೂರು ಗಂಟೆ ಅದನ್ನೇ ನೋಡುತ್ತಾ ಕುಳಿತಿದ್ದರೇನೋ. "ಚಂದ ಉಂಟು ಮಗಾ" ಎಂದರು. ಆಮೇಲೆ ಮೆಲ್ಲಗೆ, "ಹಳೇ ಬುಟ್ಟಿಯಲ್ಲಿದ್ದದ್ದನ್ನು ಈ ಹೊಸ ಬುಟ್ಟಿಗೆ ನೀನು ಎತ್ತಿ ಹಾಕ್ಲಿಕ್ಕೆ ಇನ್ನೂ ಉಂಟಲ್ವಾ?" ಎಂದು ಕೇಳಿದರು.

ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. "ಅದರಲ್ಲಿ ಎಂತ ಇತ್ತು ಅಣ್ಣ?" ಎಂದೆ. "ಎಲ್ಲ" ಎಂದರು.

ಅದೇ ಹೊತ್ತಿಗೆ ಬೆಳ್ತಂಗಡಿಯ ಕಡೆಯ ಒಂದು ಮನೆಯವರು ಒಳಗೆ ಬಂದರು. ಎರಡನೇ ಮಗಳ ಮದುವೆ, ಮೊದಲನೆಯವಳ ಕಾಗದದ ಹಾಗೆಯೇ ಆಗಬೇಕು. ಸುಖಾಗಮನ ಬಯಸುವವರ ಹೆಸರುಗಳ ಸಾಲಿನಲ್ಲಿ ಸೋದರಮಾವ ಮೊದಲೋ ದೊಡ್ಡಪ್ಪ ಮೊದಲೋ ಎಂದು ಆಗ ಒಂದು ತಿಂಗಳು ಜಗಳವಾಗಿ, ಹಿರಿಯರು ಕೂತು ಇತ್ಯರ್ಥ ಮಾಡಿದ ಕ್ರಮ ಅದು. "ಅದನ್ನು ಮುಟ್ಟುವುದು ಬೇಡ. ಮಗಳ ಹೆಸರು, ತಾರೀಕು ಮಾತ್ರ ಬದಲಿಸಿ. ಹಳೇ ಕಾಗದ ಮನೆಯಲ್ಲಿ ಒಂದೂ ಇಲ್ಲ, ನಿಮ್ಮಲ್ಲಿ ಉಂಟಲ್ಲ" ಎಂದು ಮನೆಯ ಯಜಮಾನರು ನಿಶ್ಚಿಂತೆಯಿಂದ ಬೆಂಚಿನಲ್ಲಿ ಕುಳಿತರು.

ಧನಿಗಳಿಗೆ ಸುದ್ದಿ ಮುಟ್ಟಿತು. ಗಿರಾಕಿಯ ಎದುರೇ ಕೂಗಾಡಿದರು. "ಯಾರು ಅದರಲ್ಲಿ ಇಟ್ಟದ್ದು? ಕಸ ಹಾಕುವ ಜಾಗದಲ್ಲಿ ಯಾರಾದರೂ ಕೆಲಸ ಇಡ್ತಾರಾ?" ಇದೇ ಪ್ರಶ್ನೆಯನ್ನು ನಾಲ್ಕು ಸಲ ಕೇಳಿದರು. ಯಾರು ಖಾಲಿ ಮಾಡಿದ್ದು ಎಂದು ಒಂದು ಸಲವೂ ಕೇಳಲಿಲ್ಲ. ಡಿಪ್ಲೊಮಾ ಮಾಡಿದವಳು ತಪ್ಪು ಮಾಡುವುದಿಲ್ಲ ಎಂದು ಅವರೇ ತೀರ್ಮಾನ ಮಾಡಿಕೊಂಡಿದ್ದರು. ನಾನು ಬಾಯಿ ಬಿಡಲು ನೋಡಿದೆನೋ ಇಲ್ಲವೋ, ಇವತ್ತಿಗೂ ನನಗೆ ನಿಶ್ಚಯವಿಲ್ಲ. ಅಷ್ಟರಲ್ಲಿ ಅಣ್ಣ ಎದ್ದು ನಿಂತರು. "ತಪ್ಪು ನನ್ನದೇ ಧನಿಗಳೇ. ನಾನು ಅಲ್ಲಿ ಇಡ್ಬಾರದಿತ್ತು" ಎಂದರು. "ಇನ್ನು ಅದನ್ನು ಮುಟ್ಟುವುದು ಬೇಡ ನೀವು" ಎಂದರು ಧನಿಗಳು. ಅಣ್ಣ ಕುರ್ಚಿಯ ಮೇಲಿನ ಗೋಣಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಬೈಂಡಿಂಗ್ ಮಾಡುವ ಮೂಲೆಗೆ ಹೋದರು.

ಮಧ್ಯಾಹ್ನ ಟೆಕ್ನಿಶಿಯನ್ ಪ್ರಿಂಟರ್ ಸರಿ ಮಾಡಲು ಮತ್ತೆ ಬಂದ. ಅಳಿಸಿದ್ದನ್ನು ತೆಗೆಯಬಹುದೇ ಎಂದು ಕೇಳಿದೆ. "ಅದರ ಮೇಲೆ ಹೊಸತು ಬಂದು ಕೂತಾಯ್ತಲ್ಲ, ಇನ್ನೆಲ್ಲಿ?" ಎಂದ. ಆಮೇಲೆ ಹುಬ್ಬು ಏರಿಸಿ, "ಜಾಗ ಖಾಲಿ ಮಾಡಿದ್ದು ನೀವಾ?" ಎಂದು ಕೇಳಿದ. ಆಗ ನಾನು ಮಾಡಿದ್ದನ್ನು ಬರೆಯದಿದ್ದರೆ ಇಷ್ಟು ಬರೆದದ್ದೂ ಸುಳ್ಳಾಗುತ್ತದೆ. ನಾನು ನಕ್ಕೆ. "ಇಲ್ಲೊಬ್ಬರು ಐದು ವರ್ಷದ ಕೆಲಸವನ್ನೆಲ್ಲ ಕಸದ ಬುಟ್ಟಿಯಲ್ಲಿ ಇಟ್ಟಿದ್ರು ಮಾರಾಯ್ರೆ!" ಎಂದೆ. ಅವನೂ ನಕ್ಕ. ಮೂರು ಮಾರು ದೂರದಲ್ಲಿ ಅಣ್ಣ ಅಂಟು ಬಳಿಯುತ್ತಿದ್ದರು. ಆ ತಮಾಷೆ ಮಂಗಳೂರಿಗೆ ಹೋದದ್ದು, ಬಂಟ್ವಾಳಕ್ಕೆ, ಬೆಳ್ತಂಗಡಿಗೆ ಹೋದದ್ದು, ಅಲ್ಲಿಂದ. ನನ್ನ ಬಾಯಿಯಿಂದ.

ಬೆಳ್ತಂಗಡಿಯವರ ಕಾಗದ ನಿಲ್ಲಲಿಲ್ಲ. ಆ ಬೆಳಿಗ್ಗೆಯೇ, ಯಜಮಾನರು ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದಾಗ ಮೂಲೆಯಿಂದ ಅಣ್ಣನ ದನಿ ಬಂತು. ಒಂದೊಂದೇ ಹೆಸರು, ಅದೇ ಕ್ರಮದಲ್ಲಿ, ಸೋದರಮಾವನಿಂದ ಹಿಡಿದು ಕೊನೆಯ ಅಳಿಯನವರೆಗೆ. ಅವರು ಹೇಳಿದರು, ನಾನು ಟೈಪು ಮಾಡಿದೆ. ಒಂದೂ ತಪ್ಪಿರಲಿಲ್ಲ. ಆಮೇಲಿನ ತಿಂಗಳುಗಳಲ್ಲಿ ಎಷ್ಟೋ ಕಾಗದಗಳು ಹೀಗೆಯೇ ಆದವು. ಎಲ್ಲವೂ ಅಲ್ಲ. ಕೆಲವು ಅವರಿಗೂ ನೆನಪಿಗೆ ಬರಲಿಲ್ಲ. ಇಷ್ಟೆಲ್ಲ ನೋಡಿಯೂ ಧನಿಗಳು ಅವರನ್ನು ಕುರ್ಚಿಗೆ ಹಿಂದೆ ಕರೆಯಲಿಲ್ಲ. ತಲೆಯಲ್ಲಿ ಅಷ್ಟನ್ನು ಇಟ್ಟುಕೊಂಡ ಮನುಷ್ಯನನ್ನು ಅಂಟಿನ ಡಬ್ಬದ ಎದುರು ಕೂರಿಸಿ, ಬುಟ್ಟಿ ಯಾವುದಕ್ಕೆಂದು ತಿಳಿಯದವ ಎನ್ನುತ್ತಿದ್ದರು. ಬೆಳಿಗ್ಗೆಯ ಆ ಮೂರು ಗಂಟೆ ಕಂಪ್ಯೂಟರ್ ಬಟ್ಟೆ ಹೊದ್ದು ಸುಮ್ಮನೆ ಇರುತ್ತಿತ್ತು.

ಒಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ಅಣ್ಣ ಸಿಕ್ಕಿದರು. ಆಗಲೇ ಅವರು ಬುಟ್ಟಿಯ, ಬಾಣಗಳ, ಪ್ರೆಸ್ಸಿನಲ್ಲಿ ಇದ್ದವನೇ ಮಾಡಿರಬೇಕೆಂದುಕೊಂಡದ್ದರ ಕಥೆ ಹೇಳಿದ್ದು. ನನಗೆ ತಡೆಯಲಾಗಲಿಲ್ಲ. "ಖಾಲಿ ಮಾಡಿದ್ದು ನಾನು ಅಣ್ಣ" ಎಂದೆ.

"ಗೊತ್ತುಂಟು ಮಗಾ" ಎಂದರು. "ಮತ್ತೆ ಯಾರು ಮಾಡ್ತಾರೆ? ನೀನು ಆ ದಿನ ಹೇಳದ್ದೇ ಒಳ್ಳೆಯದಾಯ್ತು. ಹೇಳಿದ್ರೆ ಇಬ್ಬರ ಕುರ್ಚಿಯೂ ಹೋಗ್ತಿತ್ತು."

ನಾನು ಅಳುತ್ತಾ ನಿಂತೆ. ಸಿದ್ಧಕಟ್ಟೆಯ ಬಸ್ಸು ಬಂತು, ಅವರು ಹತ್ತಿ ಹೋದರು. ಆ ವರ್ಷವೇ ಅವರು ಕೆಲಸ ಬಿಟ್ಟರು. ಅವರು ಹಾಗೆ ಕ್ಷಮಿಸಿದ್ದಕ್ಕೆ ನನಗೆ ಈಗಲೂ ಸಿಟ್ಟಿದೆ. ಬೈದಿದ್ದರೆ, ಊರೆಲ್ಲ ಸಾರಿದ್ದರೆ, ನಾನು ಇಷ್ಟು ವರ್ಷ ಪಕ್ಕದ ಸಾಲಿನವರು ನಗುವುದನ್ನು ಕೇಳಿಸಿಕೊಂಡು ಬಾಯಿ ಮುಚ್ಚಿ ಕೂರುವ ಅಗತ್ಯ ಇರುತ್ತಿರಲಿಲ್ಲ.

ಆ ಮದುವೆಯ ದಿನ ನಾನು ಬಾಯಿ ಮುಚ್ಚಿ ಕೂರಲಿಲ್ಲ. ಎದ್ದು ಕಂಪ್ಯೂಟರ್ ಮಾರುವವನ ಎದುರು ಹೋಗಿ ನಿಂತೆ. "ಆ ಕಥೆಯನ್ನು ಅರ್ಧ ಮಾತ್ರ ಹೇಳ್ತೀರಿ ನೀವು. ಅವರು ಇಟ್ಟದ್ದು ಐದು ವರ್ಷ ಭದ್ರವಾಗಿ ಇತ್ತು. ಅವರ ಹತ್ತಿರ ಒಂದು ಮಾತು ಕೇಳದೆ ಅಷ್ಟನ್ನೂ ಅಳಿಸಿ ಹಾಕಿದ ಒಬ್ಬಳು ಕಲಿತವಳಿದ್ದಳು. ಅದು ನಾನು. ನಗುವುದಾದರೆ ಅದಕ್ಕೂ ನಗಿ."

ಸಾಲಿನಲ್ಲಿ ಯಾರೂ ನಗಲಿಲ್ಲ. ಆತ ಒಮ್ಮೆ ನನ್ನನ್ನು, ಒಮ್ಮೆ ಪಕ್ಕದವರನ್ನು ನೋಡಿದ.

"ಅದರಲ್ಲಿ ನಗ್ಲಿಕ್ಕೆ ಎಂತ ಉಂಟು ಮಾರಾಯ್ತಿ?" ಎಂದ.